ವೈನಿಯ ಎಡಭುಜದ ನೋವು

ಕಟಕೋಳದಲ್ಲಿ ನಮ್ಮದು ರೊಟ್ಟಿ ಬಡಿದು ಮಾರುವ ಮನೆ. ಅವ್ವ ಗುರುಬಸವ್ವ ಹಿಟ್ಟು ನಾದುತ್ತಾಳೆ. ನಮ್ಮಣ್ಣ ಶ್ರೀಶೈಲನ ಹೆಂಡತಿ ದೇವಕ್ಕ ವೈನಿ ಬಡಿಯುತ್ತಾಳೆ. ನಾನು, ಮನೆಯ ಕಿರಿಮಗಳು ಮಧು, ಬೇಯಿಸುತ್ತೇನೆ. ಸಾಲೆ ಬಿಟ್ಟಾಗಿನಿಂದ ನನ್ನ ಜಾಗ ಒಲೆಯ ಮುಂದೆಯೇ. ನನಗೆ ಮಾತು ಕಡಿಮೆ. ಆದರೆ ಅಲ್ಲಿ ಕೂತರೆ ಮನೆಯವರ ಕೈ, ಮುಖ ಎಲ್ಲವೂ ಕಾಣುತ್ತವೆ.

ಮೊನ್ನೆ ಸುಗ್ಗಿಯ ಹೊತ್ತಿಗೆ ವೈನಿಗೆ ಮುಟ್ಟು ನಿಂತಿತು. ಮಡಿಲಲ್ಲಿ ಇನ್ನೂ ಮೊಲೆ ಬಿಡದ ಕೂಸು. ಈಗಲೇ ಇನ್ನೊಂದು ಬೇಡವೆಂದು ಗಂಡ ಹೆಂಡತಿ ಕೂಡಿ ಮಾತಾಡಿಕೊಂಡರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆಸ್ಪತ್ರೆಗೆ ಹೋದರೆ ಊರಿಗೆಲ್ಲ ಸುದ್ದಿಯಾಗುತ್ತದೆ ಎಂದು ಅಣ್ಣ ಹೆದರಿದ. ಪೇಟೆಯ ಒಂದು ಔಷಧ ಅಂಗಡಿಯಿಂದ ಗರ್ಭಪಾತದ ಮಾತ್ರೆ ತಂದ. ಡಾಕ್ಟರರ ಚೀಟಿ ಇರಲಿಲ್ಲ. ಯಾರೂ ವೈನಿಯನ್ನು ಪರೀಕ್ಷೆ ಮಾಡಿರಲಿಲ್ಲ.

ಮಾತ್ರೆ ತೆಗೆದುಕೊಂಡರೆ ರಕ್ತ ಬಹಳ ಹೋಗಬಹುದು ಎಂಬುದೊಂದೇ ನಮ್ಮೆಲ್ಲರ ಭಯ. ಅವ್ವ ಹಳೆಯ ಸೀರೆ ಹರಿದು ಅರಿವೆ ಮಡಚಿಟ್ಟಿದ್ದಳು. ಆದರೆ ಹೋದದ್ದು ಸ್ವಲ್ಪ, ಅದೂ ಕಪ್ಪು ಕಪ್ಪಾಗಿ. ಅರಿವೆಗಳು ಹಾಗೆಯೇ ಉಳಿದವು.

"ನೋಡವಾ, ಹೂ ಎತ್ತಿದಂಗ ಆತು! ಸುಮ್ನ ಅಂಜಿದ್ವಿ," ಎಂದಳು ಅವ್ವ.

ಅಣ್ಣನ ಮುಖವೂ ತಿಳಿಯಾಯಿತು. ನನಗೆ ಮಾತ್ರ ತಿಳಿಯಲಿಲ್ಲ. ಇಷ್ಟಕ್ಕೇ ಮುಗಿಯಿತೇ? ಮುಗಿದಿದ್ದರೆ ವೈನಿ ಯಾಕೆ ಕೆಳಹೊಟ್ಟೆಯ ಒಂದೇ ಮಗ್ಗುಲನ್ನು ಒತ್ತಿ ಹಿಡಿದು ನಡೆಯುತ್ತಾಳೆ?

ಒಂದೆರಡು ದಿನ ಕಳೆಯಿತು. ಬೆಳಗ್ಗೆ ರೊಟ್ಟಿಗೆ ಕೂತ ವೈನಿ ಅರ್ಧಕ್ಕೇ ಕೈಬಿಟ್ಟಳು.

"ಅತ್ತಿ, ಭುಜ ಭಾಳ ನೋಯಾಕತ್ತೈತ್ರಿ."

"ನೋಯಲಾರದ ಏನಾಗತೈತಿ? ಬುಟ್ಟಿಗಟ್ಟಲೆ ಬಡದರ ನನ್ನ ಭುಜನೂ ಹಿಂಗ ಹಿಡೀತಿತ್ತು. ಬಾ, ಎಣ್ಣಿ ಹಚ್ಚಿ ತಿಕ್ಕತೇನಿ."

ಅವ್ವ ಎಣ್ಣೆ ಬಿಸಿ ಮಾಡಿ ತಿಕ್ಕಿದಳು. ವೈನಿ ಹೇಳಿದ ಭುಜ ಎಡಗಡೆಯದು. ನಾನು ಅದನ್ನೇ ನೋಡುತ್ತ ಕೂತೆ. ವೈನಿ ರೊಟ್ಟಿ ಬಡಿಯುವುದು ಬಲಗೈಯಿಂದ. ಎಡಗೈ ಅಂಚಿಗೆ ತಾಗಿಸಿ ತಿರುಗಿಸುತ್ತಾಳೆ ಅಷ್ಟೇ. ದುಡಿಯದ ಭುಜ ನೋಯುತ್ತದೆ, ದುಡಿದ ಭುಜ ಸುಮ್ಮನಿದೆ! ಇನ್ನೊಂದು ಮಾತು. ಕೆಳಗೆ ಮಲಗಿದರೆ ನೋವು ಹೆಚ್ಚಾಗಿ ಎದ್ದು ಕೂಡುತ್ತಿದ್ದಳು. ಕೂತರೆ ತುಸು ಕಡಿಮೆ. ದಣಿದ ಮೈ ಹೀಗೆ ಮಾಡುತ್ತದೆಯೇ? ಯಾರನ್ನು ಕೇಳಲಿ, ಏನಂತ ಕೇಳಲಿ? ಮಾತ್ರೆಯ ಸಂಗತಿ ಹೊರಗೆ ಹೇಳಬಾರದೆಂದು ಅಣ್ಣ ಆಣೆ ಹಾಕಿಸಿದ್ದ.

ಅಷ್ಟರಲ್ಲಿ ವೈನಿಯ ಹಣೆಯ ಮೇಲೆ ತಣ್ಣನೆಯ ಬೆವರು ಬಂತು. ನಾನು ಹಿತ್ತಲಿಗೆ ಓಡಿದೆ. ಗೋಡೆಯಾಚೆ ಹಸೀನಾಬಿ ಅಕ್ಕ ಬಟ್ಟೆ ಒಣಗಿಸುತ್ತಿದ್ದಳು. ಅವಳು ನಮ್ಮ ಓಣಿಯ ಆಶಾ ಕಾರ್ಯಕರ್ತೆ.

"ಅಕ್ಕಾ, ಒಂದ ಮಾತು..."

"ಏನ ಮಧು, ನಿನ್ನ ಬಾಯಾಗೂ ಮಾತು ಐತೇನು? ಇವತ್ತ ಮಳಿ ಗ್ಯಾರಂಟಿ ನೋಡು!"

ನಾನು ನಗಲಿಲ್ಲ. ವೈನಿಯ ಎಡಭುಜ, ಕೆಳಹೊಟ್ಟೆ, ಬೆವರು ಎಂದೆ. ಅವಳ ಕೈಯಲ್ಲಿದ್ದ ಬಟ್ಟೆ ಬುಟ್ಟಿಗೆ ಬಿತ್ತು.

"ತಿಂಗಳ ತಪ್ಪಿತ್ತೇನು? ಮಾತ್ರಿ ಏನರ ತಗೊಂಡಾಳೇನು?"

ಆಣೆ ನೆನಪಾಯಿತು. ವೈನಿಯ ಮುಖವೂ ನೆನಪಾಯಿತು. ಹೌದೆಂದು ತಲೆಯಾಡಿಸಿದೆ. ಅಲ್ಲೇ ನಿಂತು ಅವಳು ನೂರಾ ಎಂಟಕ್ಕೆ ಫೋನ್ ಹಚ್ಚಿ ಗಾಡಿ ಕರೆದಳು. ಆಮೇಲೆ ನನ್ನ ಹಿಂದೆಯೇ ಒಳಗೆ ಬಂದಳು.

ಅಣ್ಣ ನನ್ನನ್ನು ನುಂಗುವಂತೆ ನೋಡಿದ. ಅವ್ವ ಎಣ್ಣೆಯ ಕೈಯಲ್ಲೇ ಎದ್ದು ನಿಂತಳು.

"ಹಸೀನಾ, ಭುಜಾ ನೋಯ್ತಂದ್ರ ಗಾಡಿ ಕರಸ್ತಾರೇನ? ರಕ್ತನೂ ಹೆಚ್ಚ ಹೋಗಿಲ್ಲ ಆಕೀಗೆ."

"ಗುರುಬಸವ್ವಕ್ಕಾರ, ಹೋಗಿಲ್ಲಂತನ ನನಗ ಅಂಜಿಕಿ. ಹೊರಗ ಕಾಣಲಾರದ ರಕ್ತ ಒಳಗ ಸೋರಿದರೂ ಸೋರಬಹುದು. ನಾ ಡಾಕ್ಟರ್ ಅಲ್ಲ, ಖರೇ ಏನಂತ ಅವರ ನೋಡಿ ಹೇಳಬೇಕು. ಆದ್ರ ಇದು ಮನ್ಯಾಗ ಕುಂತು ತಿಕ್ಕೂ ನೋವಲ್ಲ."

"ದವಾಖಾನಿಯಾಗ ಕೇಳಿದ್ರ ಏನಂತ ಹೇಳೂದ್ರಿ?" ಅಣ್ಣ ತಗ್ಗಿದ ದನಿಯಲ್ಲಿ ಕೇಳಿದ. "ಪೊಲೀಸರಿಗೆ ಹೇಳಿದ್ರ?"

"ಇದ್ದದ್ದ ಹೇಳ್ರಿ ಶ್ರೀಶೈಲ. ಮಾತ್ರಿ ತಗೊಂಡು ತ್ರಾಸಾಗಿ ಬಂದಾಕೀನ ನೋಡಾಕ ಅದಾರ ಅವರು. ಆಕಿ ಹೆಸರ ಊರಾಗ ಸಾರಂಗಿಲ್ಲ. ಮೊದಲ ಆಸ್ಪತ್ರಿಗೆ ಹೋಗಿದ್ರೂ ಆಗ್ತಿತ್ತು. ಅನುಮತಿ ಇರೂ ದವಾಖಾನಿಯಾಗ, ಕಾನೂನಿನ ಗಡುವಿನೊಳಗ ಗರ್ಭ ತಗಸಾಕ ಅವಕಾಶ ಐತಿ. ಹದಿನೆಂಟ ತುಂಬಿದಾಕಿಗೆ ಆಕೀ ಒಪ್ಪಿಗಿನ ಸಾಕು."

ಅಣ್ಣ ಅವ್ವನ ಮುಖ ನೋಡಿದ. ಅವ್ವ ಅಣ್ಣನ ಮುಖ ನೋಡಿದಳು. ಗೋಡೆಗೆ ಒರಗಿದ್ದ ವೈನಿಯೇ ಬಾಯಿ ತೆರೆದಳು.

"ನೀವಿಬ್ರೂ ಆಮ್ಯಾಲೆ ನೋಡ್ಕೋರಿ. ನನಗ ಕಣ್ಣ ಕತ್ತಲಿ ಬರಾಕತ್ತೈತಿ. ನಾ ಹೋಗತೇನಿ."

ಏಳಲು ಹೋಗಿ ಅಲ್ಲೇ ಕುಸಿದಳು. ಗಾಡಿ ಬಂದಾಗ ವೈನಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಅವ್ವನೇ.

ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಾಡಿ ಹಿಡಿದು ಕೇಳಿದರು. "ಏನರ ಔಷಧ ತಗೊಂಡಾಳೇನ್ರಿ?"

"ರೊಟ್ಟಿ ಬಡದು ಭುಜ..." ಎಂದು ಹೊರಟ ಅವ್ವ ಅರ್ಧಕ್ಕೆ ನಿಲ್ಲಿಸಿದಳು. ಅಣ್ಣ ಕೆಳಗೆ ನೋಡಿದ. ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿ ಖಾಲಿ ಮಾತ್ರೆಯ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಯಾರಿಗೂ ಕಾಣದಂತೆ ಹೊಳೆಗೆ ಎಸೆಯಲು ಇಟ್ಟುಕೊಂಡಿದ್ದನಂತೆ.

"ಇದನ್ನ ತೋರಿಸಿದ್ದು ಛಲೋ ಆತು," ಎಂದರು ಡಾಕ್ಟರಮ್ಮ. ಸ್ಕ್ಯಾನಿಂಗ್ ಆಯಿತು. ಅವಸರದಲ್ಲಿ ವೈನಿಯನ್ನು ಆಪರೇಷನ್ನಿಗೆ ಒಯ್ದರು. ಬಾಗಿಲ ಹೊರಗೆ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಾರದೆ ಕೂತಿದ್ದೆವು. ನನ್ನ ತೊಡೆಯ ಮೇಲೆ ಕೂಸು ಹಸಿದು ಅಳುತ್ತಿತ್ತು.

ಆಮೇಲೆ ಡಾಕ್ಟರಮ್ಮ ಹೊರಗೆ ಬಂದು ತಿಳಿಸಿ ಹೇಳಿದರು. ಗರ್ಭ ಗರ್ಭಚೀಲದಲ್ಲಿ ಇರಲೇ ಇಲ್ಲ. ಪಕ್ಕದ ನಳಿಕೆಯಲ್ಲಿ ಕಟ್ಟಿತ್ತು. ಆ ನಳಿಕೆ ಒಡೆದು ರಕ್ತ ಹೊಟ್ಟೆಯೊಳಗೇ ತುಂಬುತ್ತಿತ್ತು. ಹಾಗೆ ತುಂಬಿದ ರಕ್ತ ಎದೆ ಹೊಟ್ಟೆಗಳ ನಡುವಿನ ಪೊರೆಗೆ ತಾಗಿದರೆ ನೋವು ಭುಜದಲ್ಲಿ ಕಾಣಿಸುತ್ತದೆ. ಒಡೆದ ನಳಿಕೆ ತೆಗೆದಿದ್ದಾರೆ, ವೈನಿಯ ಜೀವ ಉಳಿದಿದೆ.

ಅಣ್ಣನಿಗೆ ಇನ್ನೂ ಗೊಂದಲ. "ಅಂದ್ರ ಆ ಅಂಗಡಿಯಾವ ಕೆಟ್ಟ ಮಾತ್ರಿ ಕೊಟ್ಟನೇನ್ರಿ?"

"ಮಾತ್ರಿ ಕೆಟ್ಟದ್ದಲ್ಲ. ಅದರಿಂದ ಹಿಂಗ ಆದದ್ದೂ ಅಲ್ಲ. ಡಾಕ್ಟರ್ ನೋಡಿ ಕೊಟ್ರ ಭಾಳ ಮಂದಿಗೆ ಏನೂ ತ್ರಾಸಿಲ್ಲದ ಮುಗೀತೈತಿ. ಆದ್ರ ಚೀಲದಾಗಿನ ಗರ್ಭಕ್ಕಷ್ಟ ಅದು ಕೆಲಸ ಮಾಡತೈತಿ. ಗರ್ಭ ಎಲ್ಲಿ ಐತಿ, ಎಷ್ಟ ದಿನದ್ದು ಅಂತ ನೋಡಲಾರದ ಕೊಟ್ಟದ್ದು ತಪ್ಪು, ತಗೊಂಡದ್ದೂ ತಪ್ಪು."

ಅವ್ವ ಎಣ್ಣೆ ಹತ್ತಿದ ತನ್ನ ಕೈಗಳನ್ನೇ ನೋಡುತ್ತ ಕೂತಳು. "ನಾ ತಿಕ್ಕಕೋತ ಕುಂತಿದ್ನಲ್ಲವಾ," ಎಂದಳು.

ಈಗ ವೈನಿ ಮತ್ತೆ ರೊಟ್ಟಿಗೆ ಕೂಡುತ್ತಾಳೆ. ರೊಟ್ಟಿ ಒಯ್ಯಲು ಬರುವ ಹೆಂಗಸರಲ್ಲಿ ಕೆಲವರು ನನ್ನ ಪಕ್ಕ ಕೂತು ಇಂಥ ಮಾತ್ರೆಯ ಬಗ್ಗೆ ಮೆಲ್ಲಗೆ ಕೇಳುತ್ತಾರೆ. ಮುಚ್ಚಿಡದೆ ಹೇಳೆಂದು ವೈನಿಯೇ ಅಂದಿದ್ದಾಳೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಅಕ್ಕಂದಿರೇ, ಗರ್ಭಪಾತದ ಮಾತ್ರೆಯನ್ನು ಡಾಕ್ಟರರ ಪರೀಕ್ಷೆಯಿಲ್ಲದೆ ನುಂಗಬೇಡಿ. ತೆಗೆದುಕೊಂಡ ಮೇಲೆ ಹೊಟ್ಟೆನೋವು, ರಕ್ತ ಬರುವುದು ಸಹಜ. ಆದರೆ ದೊಡ್ಡ ಪ್ಯಾಡ್ ಗಂಟೆಗೆ ಎರಡರಂತೆ ಎರಡು ಗಂಟೆ ತೊಯ್ದರೆ, ಜ್ವರ ಒಂದು ದಿನ ದಾಟಿದರೆ, ಕೆಟ್ಟ ವಾಸನೆಯ ಸ್ರಾವವಾದರೆ ತಡ ಮಾಡಬೇಡಿ. ರಕ್ತ ಹೋಗಲೇ ಇಲ್ಲ, ಸ್ವಲ್ಪವೇ ಹೋಯಿತು ಎಂದು ಸಮಾಧಾನಪಡಬೇಡಿ, ಹೋಗಿ ತೋರಿಸಿ. ಕೆಳಹೊಟ್ಟೆಯ ಒಂದೇ ಮಗ್ಗುಲಲ್ಲಿ ನೋವು, ಭುಜದ ನೋವು, ಕಣ್ಣುಕತ್ತಲೆ ಬಂದರೆ ಆ ಕ್ಷಣವೇ ನೂರಾ ಎಂಟಕ್ಕೆ ಫೋನ್ ಮಾಡಿ. ಯಾವ ಕಾಯಿಲೆಗೇ ಆಗಲಿ, ಏನು ನುಂಗಿದ್ದೀರೋ ಅದರ ಹಾಳೆ ಎಸೆಯದೆ ಡಾಕ್ಟರರಿಗೆ ತೋರಿಸಿ.

ನನಗೆ ಈಗಲೂ ಎಲ್ಲ ತಿಳಿದಿಲ್ಲ. ಅಂದೂ ಏನೂ ತಿಳಿದಿರಲಿಲ್ಲ, ತಿಳಿಯದೆಂದೇ ಗೋಡೆಯ ತನಕ ಓಡಿದೆ. ನಿಮಗೂ ತಿಳಿಯದಿದ್ದರೆ ಓಡಿಹೋಗಿ ಕೇಳಿ.