ಬೆಲ್ಲದ ಸಿಟ್ಟು

ತುಂಬಾ ಎಂಬ ಈ ಮಲಯಾಳಿ ಊರಿನ ನಮ್ಮ ಓಣಿಯಲ್ಲಿ ನನ್ನ ಬಾಯಿಗೆ ಹೆದರದವರು ಯಾರೂ ಇಲ್ಲ. ಗ್ಯಾಸಿನವನು ನಮ್ಮ ಮನೆಯ ಮುಂದೆ ಮಾತ್ರ ಸಿಲಿಂಡರನ್ನು ಸದ್ದಿಲ್ಲದೆ ಇಳಿಸುತ್ತಾನೆ. ನಮ್ಮವರು, ವೀರಭದ್ರ, ಇಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿದ್ದಾರೆ. ರಾಕೆಟ್ಟಿನ ಸದ್ದಿಗೆ ಒಗ್ಗಿದರೂ ನನ್ನ ಸದ್ದಿಗೆ ಇನ್ನೂ ಒಗ್ಗಿಲ್ಲ. ಇಂಥ ಧಾರವಾಡದ ಇಂದುಮತಿಯನ್ನು ಒಂದು ಮೊಲ ಹೆದರಿಸಿಬಿಟ್ಟಿತಲ್ಲ!

ಮೊಲದ ಹೆಸರು ಬೆಲ್ಲ. ಬಣ್ಣ ನೋಡಿ ಇಟ್ಟ ಹೆಸರು, ಗುಣ ನೋಡಿ ಅಲ್ಲ. ಭಾವನವರ ಮಗಳು ತನ್ವಿ ಕೊಚ್ಚಿಯಲ್ಲಿ ಕೆಲಸ ಮಾಡುತ್ತಾಳೆ. ಎಡಪ್ಪಳ್ಳಿಯಲ್ಲಿ ಹೊಸ ಫ್ಲ್ಯಾಟ್ ಹಿಡಿದಾಗ, ಅಲ್ಲಿ ಪ್ರಾಣಿ ಸಾಕುವಂತಿಲ್ಲ ಎಂದರಂತೆ. "ಕಾಕು, ನಿಮ್ಮಿಬ್ರಿಗೂ ಒಂದು ಜೋಡಿ ಆಗ್ತೈತಿ, ಇಟ್ಕೋರಿ" ಎಂದು ತಂದು ಬಿಟ್ಟು ಹೋದಳು. ನಮಗೆ ಮಕ್ಕಳಿಲ್ಲ. ಬೆಲ್ಲ ಮನೆಗೆ ಬಂದಾಗ ನನಗಾದ ಖುಷಿಯನ್ನು ನಾನು ಯಾರ ಮುಂದೆಯೂ ಹೇಳಲಿಲ್ಲ.

ಆದರೆ ಗೂಡಿಗೆ ಕೈ ಹಾಕಿದರೆ ಸಾಕು, ಗುರ್ ಎಂದು ಮುಂಗಾಲೆತ್ತಿ ಮೈಮೇಲೆ ಬರುತ್ತಿತ್ತು. ತನ್ವಿಯ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದ ಪ್ರಾಣಿ ಇದೇನಾ ಎನಿಸಿತು. ಕಚ್ಚಿಸಿಕೊಂಡು ಸಾಕಾಗಿ, ಬುಟ್ಟಿಯಲ್ಲಿ ಹಾಕಿ ಪಶುವೈದ್ಯೆ ಜುಬೈದಾ ಅವರ ಹತ್ತಿರ ಒಯ್ದೆ. ಅವರು ಹಲ್ಲು, ಉಗುರು, ಹೊಟ್ಟೆ ಎಲ್ಲ ನೋಡಿ, ನೋವೇನೂ ಇಲ್ಲವೆಂದು ಕೈಸನ್ನೆ ಮಾಡಿ, "ದೇಷ್ಯಮಲ್ಲ ಚೇಚಿ, ಪೇಡಿಯಾ" ಎಂದರು.

ದೇಷ್ಯ ಅಂದರೆ ಸಿಟ್ಟು, ಚೇಚಿ ಅಂದರೆ ಅಕ್ಕ, ಅಷ್ಟು ಗೊತ್ತಿತ್ತು. ಪೇಡಿ ಗೊತ್ತಿರಲಿಲ್ಲ. ಆದರೆ ನನ್ನ ಮಲಯಾಳಕ್ಕೆ ಒಂದು ಸೂತ್ರವಿದೆ: ನಮ್ಮ ಹಾಲು ಅವರ ಪಾಲು, ನಮ್ಮ ಹಲ್ಲು ಅವರ ಪಲ್ಲು, ನಮ್ಮ ಹೂ ಅವರ ಪೂ. ಅಂದಮೇಲೆ ಪೇಡಿ ಅಂದರೆ ಹೇಡಿ! ಮೈಯೆಲ್ಲ ಉರಿಯಿತು. ನಮ್ಮ ಮನೆಯ ಮೊಲಕ್ಕೆ ಹೇಡಿ ಅನ್ನುವುದೇ? ಅವರು ಇನ್ನೂ ಏನೋ ಹೇಳುತ್ತಿದ್ದರು. ನಾನು ಬುಟ್ಟಿ ಎತ್ತಿಕೊಂಡು ಬಂದುಬಿಟ್ಟೆ.

ಬಂದವಳೇ ಬೆಲ್ಲಕ್ಕೆ ಧೈರ್ಯ ಕಲಿಸಲು ಶುರುಮಾಡಿದೆ. "ಏ ಬೆಲ್ಲಾ, ಯಾರಿಗಂಜ್ತೀ? ಕಿತ್ತೂರ ಕಡೀ ಮಂದಿ ನಾವು. ಎದಿ ಸೆಟಿಸಿ ನಿಂದ್ರು!" ಎಂದು ಗೂಡಿನ ಬಾಗಿಲಲ್ಲಿ ನಿಂತು ಗದರಿದೆ. ಮೂಲೆಗೆ ಸರಿದರೆ ಮೇಲಿನಿಂದ ಕೈ ಹಾಕಿ ಮುಂದಕ್ಕೆಳೆದೆ. ದಿನಾ ಇದೇ ಪಾಠ. ಬೆಲ್ಲದ ರೋಷ ಇಳಿಯುವ ಬದಲು ಏರಿತು. ಕೊನೆಗೊಂದು ಸಂಜೆ, ಕೊತ್ತಂಬರಿ ಹಾಕಲು ಹೋದ ನಮ್ಮವರ ಬೆರಳನ್ನು ರಕ್ತ ಬರುವ ಹಾಗೆ ಕಚ್ಚಿತು.

"ಸಾಕಿನ್ನ, ಇಂದೂ. ಮೊಲಾ ಸಾಕೋ ಕಮಲಾಕ್ಷಗ ಹೇಳ್ತೀನಿ. ಆಯ್ತವಾರ ಬಂದು ಒಯ್ತಾನ."

ಕಮಲಾಕ್ಷ ಸಾಕುವ ಮೊಲಗಳು ಹೋಟೆಲುಗಳ ಅಡುಗೆಮನೆಗೆ ಹೋಗುತ್ತವೆಂದು ಊರಿಗೆಲ್ಲ ಗೊತ್ತು. "ಅಲ್ಲಿ ಅದು ಉಳಿಯೂದಿಲ್ಲರಿ!" ಎಂದೆ.

"ಮತ್ತ ಡಾಕ್ಟರ್ ಏನಂದ್ರು?"

"ಏನಂತಾರ? ಹೇಡಿ ಅಂದ್ರು. ಅವರ ಭಾಷಾದಾಗ ಪೇಡಿ."

ಬೆರಳಿಗೆ ಬಟ್ಟೆ ಸುತ್ತುತ್ತಿದ್ದವರು ಹಾಗೇ ನಿಂತು ನಕ್ಕರು. "ನಿನ್ನ ಸೂತ್ರದ ಮನಿ ಹಾಳಾಗ! ಪೇಡಿ ಅಂದ್ರ ಅಂಜಿಕಿ. ಅಂಜಿ ಕಚ್ಚಾಕತ್ತೈತಿ ಅಂದಾರ ಅವರು."

ಅಯ್ಯೋ ಶಿವನೇ! ಅಂಜಿದ ಜೀವದ ಬಾಗಿಲಲ್ಲಿ ನಿಂತು ದಿನಾ ಕೂಗುತ್ತಿದ್ದೆನಲ್ಲ! ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಮರುದಿನ ಗಂಡನನ್ನು ಜೊತೆಗೆ ಕೂರಿಸಿಕೊಂಡು ಜುಬೈದಾ ಹೇಳಿದ್ದನ್ನೆಲ್ಲ ಕೇಳಿದೆ. ಮೊಲಕ್ಕೆ ಮೇಲಿನಿಂದ ಬರುವ ಕೈಯೂ ಹದ್ದೇ. ಮೂಗಿನ ನೇರಕ್ಕಿರುವುದು ಅದಕ್ಕೆ ಕಾಣುವುದಿಲ್ಲ, ಹಾಗಾಗಿ ಕೈ ಪಕ್ಕದಿಂದ ಬರಬೇಕು. ಗೂಡು ಅದರ ಮನೆ. ಅದು ಹೊರಗಿದ್ದಾಗಲೇ ಗುಡಿಸಬೇಕು. ಹೆಣ್ಣು ಮೊಲ ಬೆಳೆದಂತೆ ಈ ರೋಷ ಹೆಚ್ಚುವುದುಂಟು, ಹೊಸ ಜಾಗಕ್ಕೆ ಹೊಂದಿಕೊಂಡ ಮೇಲೆ ಮರಿಯಾಗದಂತೆ ಆಪರೇಷನ್ ಮಾಡೋಣ ಎಂದರು. ಅಲ್ಲಿಯವರೆಗೆ ನೆಲದ ಮೇಲೆ ಕೂತು, ಅದೇ ಬರಲಿ ಎಂದು ಕಾಯಬೇಕು. ದನಿ ತಗ್ಗಿಸಬೇಕು. ಈ ಕೊನೆಯ ಮಾತನ್ನು ಕನ್ನಡದಲ್ಲಿ ಹೇಳುವಾಗ ನಮ್ಮವರ ಮುಖದಲ್ಲಿದ್ದ ಸಂತೋಷ ನೋಡಬೇಕಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಆದರೂ ತಗ್ಗಿಸಿದೆ. ಪಕ್ಕದ ಮನೆಯ ಮೇರಿ ಚೇಚಿ ನನಗೆ ಗಂಟಲು ಕೆಟ್ಟಿದೆಯೆಂದುಕೊಂಡು ಶುಂಠಿಯ ಚುಕ್ಕುಕಾಪಿ ಕಳಿಸಿದರು. ಗೂಡಿನ ಬಾಗಿಲು ತೆರೆದಿಟ್ಟು ಚಾಪೆ ಹಾಸಿ ಕೂರುತ್ತಿದ್ದೆ. ಬೆಲ್ಲ ಹೊಸಿಲತನಕ ಬಂದು ಮೂಗಾಡಿಸಿ ಓಡುತ್ತಿತ್ತು. ನಮ್ಮವರು "ನೋಡೂಣು" ಎಂದರೇ ಹೊರತು ಕಮಲಾಕ್ಷನಿಗೆ ಬೇಡವೆಂದು ಹೇಳಲಿಲ್ಲ. ಅವರ ಬೆರಳು ಇನ್ನೂ ಊದಿತ್ತು. ಶನಿವಾರವೂ ಕಳೆಯಿತು, ಬೆಲ್ಲ ನನ್ನನ್ನು ಮುಟ್ಟಲಿಲ್ಲ.

ಆಯ್ತವಾರ ಬೆಳಿಗ್ಗೆ ಚಾಪೆಯ ಮೇಲೆ ಮಲಗೇಬಿಟ್ಟೆ. ಬೆಲ್ಲ ಬಂತು. ಕಾಲು ಮೂಸಿತು, ಬಳೆ ಮೂಸಿತು, ಆಮೇಲೆ ನನ್ನ ತೋಳಿಗೆ ಗದ್ದ ಉಜ್ಜಿತು. ಮೊಲ ಗದ್ದ ಉಜ್ಜಿದರೆ 'ಇದು ನನ್ನದು' ಎಂದು ಗುರುತು ಹಾಕಿದ ಹಾಗೆ ಎಂದು ಜುಬೈದಾ ಹೇಳಿದ್ದರು. ನಂತರ ಪಕ್ಕದಲ್ಲೇ ಕಾಲು ಚಾಚಿ ಮಲಗಿ, ನನ್ನ ಅಂಗೈ ಕೆಳಗೆ ತಲೆ ತೂರಿಸಿತು.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಕಮಲಾಕ್ಷ ಬುಟ್ಟಿ ಹಿಡಿದು ಬಂದಿದ್ದ. ನಾನು ಏಳುವಂತಿಲ್ಲ, ಕೂಗುವಂತಿಲ್ಲ. ಬಾಗಿಲಲ್ಲಿ ನಿಂತ ಗಂಡನ ಮುಖವನ್ನೇ ನೋಡಿದೆ, ಕಣ್ಣೀರು ಕಿವಿಗೆ ಇಳಿಯುತ್ತಿತ್ತು. ಅವರು ನನ್ನನ್ನು ನೋಡಿದರು, ಬೆಲ್ಲವನ್ನು ನೋಡಿದರು, ಹೊರಗೆ ಹೋದರು.

"ತರಾನ್ ಪಟ್ಟಿಲ್ಲ" ಎಂದದ್ದು ಕೇಳಿಸಿತು. ಕೊಡಲಾಗುವುದಿಲ್ಲ ಅಂತ. ಆಮೇಲೆ "ನಮ್ಮುಡೆ ಕುಟ್ಟಿಯಾ" ಎಂದರು.

ನಮ್ಮ ಮಗು! ಇಷ್ಟು ವರ್ಷ ಈ ಮನೆಯಲ್ಲಿ ನಾವಿಬ್ಬರೂ ಬಾಯಿಬಿಟ್ಟು ಆಡದ ಮಾತು. ಅವರು ಒಳಗೆ ಕಾಲಿಡುತ್ತಲೇ ನನಗೆ ತಡೆಯಲಾಗಲಿಲ್ಲ.

"ಏನಂದ್ರಿ? ಇನ್ನೊಮ್ಮೆ ಅನ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿಬಿಟ್ಟೆ. ಬೆಲ್ಲ ಧಡ್ ಎಂದು ಹಿಂಗಾಲು ಬಡಿದು ಮಂಚದ ಕೆಳಗೆ ಓಡಿತು.

"ಮೆಲ್ಲಕ, ಇಂದೂ. ಕೂಸು ಅಂಜೈತಿ" ಎಂದು ಪಿಸುಗುಟ್ಟಿ, ನಮ್ಮವರು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಊದಿದ ಬೆರಳಿನ ಕೈಯನ್ನೇ ಪಕ್ಕದಿಂದ ಮಂಚದ ಕೆಳಗೆ ಚಾಚಿದರು.