ಒಂಬತ್ತನೇ ನಂಬರಿನ ವಾರಸು

"ಗಂಡ ಸತ್ತರ ಮನೀನೂ ಸಾಯತೈತೇನು?"

ಚೆನ್ನವ್ವ ಕೇಳಿದ್ದು ಯಾರನ್ನೂ ಅಲ್ಲ. ಮನೆಯಲ್ಲಿ ರಾಟೆ ಇತ್ತು, ಬುಟ್ಟಿ ತುಂಬ ನೂಲು ಸುತ್ತಿದ ಕಂಡಿಕೆ ಇದ್ದವು, ಮನುಷ್ಯರೆಂದರೆ ಅವಳೊಬ್ಬಳೇ. ಉತ್ತರ ಹೇಳಬೇಕಾದವನು ಆಗಲೇ ಗಲ್ಲಿಯ ತುದಿ ದಾಟಿದ್ದ.

ಸೊಸಾಯಿಟಿಯ ಸೆಕ್ರೆಟರಿ ಜೋತಿಬಾ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬಂದಿದ್ದ. ಕೂಡಿರಿ ಎಂದರೂ ಕೂಡಲಿಲ್ಲ. ಗೋಡೆ, ಮಾಳಿಗೆ, ನೀರಿನ ಹರವಿ ಎಲ್ಲವನ್ನೂ ಕೊಳ್ಳಲು ಬಂದವನ ಹಾಗೆ ನೋಡಿದ.

"ಬಾಯಿ, ನವರಾ ಗೇಲಾ, ಗಂಡನ ಸಂಗಾಟ ಮೆಂಬರಕೀನೂ ಗೇಲಿ. ಐತವಾರ ಜನರಲ್ ಸಭಾ ಐತಿ. ಈ ಒಂಬತ್ತನೇ ನಂಬರ ಮನಿ ಮಗ್ಗದ ಜಾಬರ್ ಮೇಸ್ತ್ರಿ ಸಿದ್ದರಾಯಗ ಹೊಕ್ಕೈತಿ. ನೀ ಎಲ್ಲೆರ ಖೋಲಿ ನೋಡ್ಕೋ."

"ಈ ಗೋಡಿಗಿ ಮಣ್ಣ ತುಳದಾಕಿ ನಾ ಅದೀನ್ರಿ."

"ಮಣ್ಣ ಕತ್ತೇನೂ ತುಳೀತೈತಿ. ಅದಕ್ಕೊಂದ ಮನಿ ಕೊಡೂನೇನು?"

"ಯಾ ಕಾಯದೇದಾಗ ಬರದೈತ್ರಿ ಇದು?"

ಜೋತಿಬಾ ನಕ್ಕಿದ್ದ. "ತೋರಿಸಿದ್ರ ಓದಾಕೇನ ನೀ?"

ಇಚಲಕರಂಜಿಯ ಅಂಚಿನಲ್ಲಿ ಇಪ್ಪತ್ತೆರಡು ಮನೆ. ಎಲ್ಲರೂ ಹುಕ್ಕೇರಿ, ಗೋಕಾಕದ ಕಡೆಯಿಂದ ಮಗ್ಗದ ಬೆನ್ನು ಹತ್ತಿ ಬಂದವರು. ಎರಡು ವರ್ಷದ ಹಿಂದೆ, ಅರವತ್ತೆರಡರಲ್ಲಿ, ಸಹಕಾರದ ಹೊಸ ಕಾಯದೆ ಬಂತು. ಸೊಸಾಯಿಟಿ ಮಾಡಿದರೆ ಸ್ವಂತ ಮನೆಯಾಗುತ್ತದೆ ಎಂದವನು ಪರಪ್ಪ ಸಾವಕಾರ. ಇವರು ದುಡಿಯುವ ಮಗ್ಗದ ಶೆಡ್ಡು ಅವನದು. ಚೇರಮನ್ನೂ ಅವನೇ ಆದ. ಮೊದಲ ದಿನವೇ ಇಪ್ಪತ್ತೆರಡೂ ಗಂಡಸರ ಕೈಯಲ್ಲಿ ಬಿಲ್ವಪತ್ರೆ ಇಟ್ಟು, ಮೇಲೆ ಅರಿಶಿನದ ಭಂಡಾರ ಸುರಿದು ಆಣೆ ಮಾಡಿಸಿದ: ಸಭೆಯಲ್ಲಿ ಚೇರಮನ್ನನಿಗೆ ಎದುರು ಮಾತಾಡುವುದಿಲ್ಲ ಎಂದು. ದೇವರ ಭಂಡಾರ, ಎತ್ತಿದವರು ಮೀರುವ ಹಾಗಿಲ್ಲ. ಚೆನ್ನವ್ವನ ಗಂಡ ಅಪ್ಪಣ್ಣನೂ ಎತ್ತಿದ್ದ. ಹೆಂಗಸರನ್ನು ಯಾರೂ ಕರೆದಿರಲಿಲ್ಲ.

ನಿಯಮದ ಪುಸ್ತಕ ಮರಾಠಿಯಲ್ಲಿತ್ತು. ಅದು ಆಫೀಸಿನ ಕಪಾಟಿನಲ್ಲಿತ್ತು.

ಪಕ್ಕದ ಮನೆಯ ತಂಗೆವ್ವ ಸುದ್ದಿ ಕೇಳಿ ಬಂದಳು.

"ಅಕ್ಕಾ, ಸಿದ್ದರಾಯ ಒಬ್ಬನ ಅಲ್ಲ. ಆ ಭರಮಪ್ಪನ ಮ್ಯಾಲೂ ಒಂದ ಕಣ್ಣ ಇಡು. ಪಾಳಿ ಬಿಟ್ಟ ಕೂಡಲೆ ಆಫೀಸಿನ ಪಾವಟಗಿ ಮ್ಯಾಲ ಕುಂದರತಾನ. ಜೋತಿಬಾ ಪುಸ್ತಕ ಓದತಾನ, ಇಂವ ಪುರಾಣ ಕೇಳಿದಂಗ ತಲಿ ತೂಗತಾನ."

"ಭಜನಿ ಮನಶ್ಯಾ ಅಂವ."

"ಭಜನಿ ಮನಶ್ಯಾಗ ಹೊಟ್ಟಿ ಇರೂದಿಲ್ಲೇನು?"

ಅಂದಿನಿಂದ ಭರಮಪ್ಪ ಗಲ್ಲಿಯಲ್ಲಿ ಹಾದು ಹೋದಾಗಲೆಲ್ಲ ಚೆನ್ನವ್ವನ ರಾಟೆ ನಿಲ್ಲುತ್ತಿತ್ತು.

ಶುಕ್ರವಾರ ಹೊತ್ತು ಇಳಿಯುವಾಗ ಅವನೇ ಬಂದ. ಬಾಗಿಲಿಗೆ ಬೆನ್ನು ಮಾಡಿ ಹೊರಗಿನ ಕಟ್ಟೆಯ ಮೇಲೆ ಕೂತ.

"ತಂಗಿ, ನಾ ನಿನ್ನ ಸಂಗಾಟ ಮಾತಾಡಾಕ ಬಂದಿಲ್ಲ. ಈ ಕಂಬದ ಮುಂದ ನಾಕ ಸಾಲ ಅಂತೀನಿ. ಕೇಳೂದು ಬಿಡೂದು ನಿನಗ ಬಿಟ್ಟದ್ದು."

ಅಕ್ಷರ ಬಾರದ ಭರಮಪ್ಪನಿಗೆ ಒಮ್ಮೆ ಕೇಳಿದ ಪದ ಮರೆಯುತ್ತಿರಲಿಲ್ಲ. ಅಮಾವಾಸ್ಯೆಯ ಭಜನೆಯಲ್ಲಿ ಮುಂದೆ ನಿಂತು ಪದ ಎತ್ತಿಕೊಡುವವನು ಅವನೇ. ಈಗ ಕಂಬ ನೋಡುತ್ತ, ಭಜನೆಯ ಅದೇ ರಾಗದ ಎಳೆತದಲ್ಲಿ, ಮರಾಠಿಯಲ್ಲಿದ್ದುದನ್ನು ಮರಾಠಿಯಲ್ಲೇ ಅಂದ. ಹದಿನಾರನೇ ಕಲಮು. ಸದಸ್ಯನು ತೀರಿಕೊಂಡರೆ ಅವನ ಪಾಲು ಅವನು ಹೆಸರು ಬರೆಸಿದವರಿಗೆ ಸೇರತಕ್ಕದ್ದು, ಬರೆಸದಿದ್ದರೆ ವಾರಸುದಾರರಿಗೆ. ಇಪ್ಪತ್ತನೇ ಕಲಮು. ಯಾವ ಸದಸ್ಯನಾದರೂ ಆಫೀಸಿನ ವೇಳೆಯಲ್ಲಿ ನಿಯಮದ ಪುಸ್ತಕವನ್ನೂ ಸದಸ್ಯರ ಪಟ್ಟಿಯನ್ನೂ ಪುಕ್ಕಟೆ ನೋಡಬಹುದು.

"ಅಪ್ಪಣ್ಣ ಫಾರ್ಮ ತುಂಬಿಸೂವಾಗ ನಾ ಬಾಜೂಕ ನಿಂತಿದ್ದೆ," ಎಂದ. "ವಾರಸ ಯಾರಂತ ಕೇಳಿದ್ರು. ನಿನ್ನ ಹೆಸರ ಹೇಳಿದ."

"ಈ ಕಲಮ ನಿನಗ ಯಾರ ಕೊಟ್ರು?"

"ಜೋತಿಬಾನ ಓದಿದ. ಹೆಬ್ಬೆಟ್ಟಿನಂವ ಕೇಳಿ ಏನ ಹೊತಗೊಂಡ ಹೋಗತಾನ ಅಂತ ನಕ್ಕೋತ ಓದಿದ."

"ಹಂಗಾರ ಸಭೇದಾಗ ನೀನ ಹೇಳು."

"ನಾ ಭಂಡಾರ ಎತ್ತೀನಿ. ನೀ ಎತ್ತಿಲ್ಲ."

ಚೆನ್ನವ್ವ ಹೊಸ್ತಿಲಿಗೆ ಬಂದು ಅವನ ಬೆನ್ನನ್ನೇ ನೋಡಿದಳು. "ಭರಮಣ್ಣ, ಇಲ್ಲದ ಕಲಮ ಕಲಿಸಿ ಮಂದಿ ಮುಂದ ನನ್ನ ನಗಿಗೀಡ ಮಾಡಂತ ಸಾವಕಾರ ಕಳಿಸ್ಯಾನೇನು?"

ಅವನಿಗೆ ಸಿಟ್ಟು ಬರಲಿಲ್ಲ. "ಸಂಶೆ ಪಡೂದ ಬರೋಬ್ಬರಿ ಐತಿ. ನಾನೂ ಅವರ ಮಗ್ಗದಾಗ ದುಡದ ಉಣ್ಣಾಂವ," ಎಂದು, ಮತ್ತೆರಡು ಸಲ ಕಂಬದ ಮುಂದೆ ಅದನ್ನೇ ಅಂದು ಎದ್ದುಹೋದ.

ಮರುದಿನ ಅವಳು ಆಫೀಸಿಗೆ ಹೋದಳು.

"ನೇಮದ ಪುಸ್ತಕ ನೋಡಬೇಕ್ರಿ."

"ನೀ ಮೆಂಬರ ಅಲ್ಲ. ನಡಿ."

"ಮೆಂಬರ ಆದಾವ್ರು ನೋಡಬೌದೇನ್ರಿ?"

ಜೋತಿಬಾ ಎದ್ದು ಕಪಾಟಿಗೆ ಕೀಲಿ ಹಾಕಿದ. ಕೀಲಿಯನ್ನು ಕಿಸೆಗೆ ಇಳಿಸಿದ. ಚೆನ್ನವ್ವನಿಗೆ ಭರಮಪ್ಪನ ಮೇಲೆ ಅರ್ಧ ನಂಬಿಕೆ ಬಂತು, ಇನ್ನರ್ಧ ಬರಲಿಲ್ಲ. ಇಬ್ಬರೂ ಮಾತಾಡಿಕೊಂಡೇ ಈ ಆಟ ಹೂಡಿರಬಹುದು. ಆದರೂ ದಾರಿಯುದ್ದಕ್ಕೂ ತುಟಿಯಲ್ಲಿ ಅದೇ ಸಾಲು.

ಐತವಾರ ಮಗ್ಗ ನಿಂತಿದ್ದವು. ಶೆಡ್ಡಿನಲ್ಲಿ ಮಗ್ಗದ ಸಾಲುಗಳ ನಡುವೆ ಗಂಡಸರು ನೆಲದ ಮೇಲೆ ಕೂತಿದ್ದರು, ಪರಪ್ಪ ಬೆಂಚಿನ ಮೇಲೆ. ಚೆನ್ನವ್ವ ಸೆರಗು ಬಿಗಿದು ಬಾಗಿಲಲ್ಲಿ ನಿಂತಳು.

"ಆ ರಂಡೆಂಗಸು ಯಾಕ ಬಂದಾಳ?" ಎಂದ ಪರಪ್ಪ. "ಶುಭಕಾರ್ಯ ಅಲ್ಲಂತ ಬಿಟ್ಟೀನಿ. ನಿಂದರಲಿ."

ಒಂದಿಬ್ಬರು ನಕ್ಕರು. ಜೋತಿಬಾ ಠರಾವು ಓದಿದ. ಒಂಬತ್ತನೇ ನಂಬರು ವಾರಸಿಲ್ಲದೆ ಬಿದ್ದಿರುವುದರಿಂದ ಸಿದ್ದರಾಯನಿಗೆ ಕೊಡುವುದು. ಒಪ್ಪಿದವರು ಕೈ ಎತ್ತಬೇಕು. ಕೈಗಳು ಎದ್ದವು. ಭರಮಪ್ಪನದೂ ಎದ್ದಿತು.

ಅದನ್ನು ನೋಡಿಯೇ ಚೆನ್ನವ್ವ ಬಾಯಿ ತೆರೆದಳು. ಹದಿನಾರನೇ ಕಲಮು, ಮರಾಠಿಯಲ್ಲಿ, ಭಜನೆಯ ಎಳೆತದಲ್ಲಿ. ಸಿದ್ದರಾಯ ಹೊಟ್ಟೆ ಹಿಡಿದು ನಕ್ಕ. ಎರಡನೇ ಸಾಲಿಗೆ ನಗು ನಿಂತಿತು. ಅವಳ ಜೊತೆಗೆ ಜೋತಿಬಾನ ತುಟಿಯೂ ಅಲುಗುತ್ತಿತ್ತು. ಎಲ್ಲರೂ ಅದನ್ನು ಕಂಡರು.

"ಸುಳ್ಳಿದ್ರ ಪುಸ್ತಕ ತಗೀರಿ," ಎಂದಳು. "ಅಪ್ಪಣ್ಣನ ಫಾರ್ಮನೂ ತಗೀರಿ. ವಾರಸ ಅಂತ ಯಾರ ಹೆಸರೈತಿ, ಇವರ ಮುಂದ ಓದ್ರಿ."

ಜೋತಿಬಾ ಸಾವಕಾರನ ಮುಖ ನೋಡಿದ. ಹಿಂದಿನ ಸಾಲಿನಲ್ಲಿ ಒಂದು ಕೈ ಇಳಿಯಿತು. ಪಕ್ಕದ್ದೂ ಇಳಿಯಿತು. ಆಮೇಲೆ ಭರಮಪ್ಪನದು, ಮತ್ತೆ ಮೂರು, ಮತ್ತೆ ನಾಲ್ಕು. ಯಾರೂ ಎದುರು ಮಾತಾಡಲಿಲ್ಲ. ಕೈ ಇಳಿಸಿದರು, ಅಷ್ಟೆ.

"ಯಾವ ಸೂಳೇಮಗ ಕಲಿಸ್ಯಾನ ಇಕೀಗಿ?" ಎಂದು ಪರಪ್ಪ ಎದ್ದ. ಯಾರೂ ತಲೆ ಎತ್ತದಿದ್ದುದನ್ನು ಕಂಡು ದನಿ ತಗ್ಗಿಸಿ ಅವಳ ಹತ್ತಿರ ಬಂದ.

"ಚೆನ್ನವ್ವ, ಭಾಳ ಶಾಣ್ಯಾಕಿ ಬಿಡು ನೀ. ಆತು. ಜೋತಿಬಾ, ಪಟ್ಟಿ ತಗಿ. ಅಪ್ಪಣ್ಣನ ಹೆಸರ ಹೊಡದು ಇಕೀದ ಬರಿ."

ಜೋತಿಬಾ ಪಟ್ಟಿ ಬಿಚ್ಚಿದ, ಟಾಕನ್ನು ಮಸಿಯಲ್ಲಿ ಅದ್ದಿದ. ಪರಪ್ಪ ಕೈ ಅಡ್ಡ ಹಿಡಿದ.

"ಬರಿಯೂಕಿಂತ ಮೊದಲ ಒಂದ ಮಾತವ್ವಾ. ಕಲಿಸಿದಾವನ ಹೆಸರ ಹೇಳು. ಮಗ್ಗ ನಂದು, ಅಂವನ್ನ ನಾ ನೋಡ್ಕೋತೀನಿ; ಮನಿ ನಿಂದು. ಇಷ್ಟ ಕೇಳತೀನಿ."

ಭರಮಪ್ಪ ಮೂರನೇ ಸಾಲಿನಲ್ಲಿ ತನ್ನ ಹೆಬ್ಬೆರಳನ್ನು ನೋಡುತ್ತ ಕೂತಿದ್ದ. ಅವನು ಯಾರ ಮನುಷ್ಯನೋ ಚೆನ್ನವ್ವನಿಗೆ ಇನ್ನೂ ತಿಳಿದಿರಲಿಲ್ಲ. ಸಾವಕಾರನಿಗೆ ಹೆಸರು ಮೊದಲೇ ಗೊತ್ತಿದ್ದು, ಅವಳ ಬಾಯಿಂದಲೇ ಹೊರಡಿಸಬೇಕೆಂದು ಕೇಳುತ್ತಿರಲೂಬಹುದು. ಟಾಕಿನ ತುದಿಯ ಮಸಿ ಪಟ್ಟಿಯ ಮೇಲೆ ತೊಟ್ಟಿಕ್ಕಿತು.

"ಹೇಳೂದಿಲ್ಲ," ಎಂದಳು.