ಕಾಲು, ಮತ್ತೆ ಆರರಲ್ಲೊಂದು

ಗುಂಡಿ ಸೊಂಟದಾಳಕ್ಕೆ ಬಂದಿತ್ತು. ತೋಡುತ್ತಿದ್ದ ಚೋಮ ಬೆವರೊರೆಸಿಕೊಳ್ಳಲು ಮೇಲೆ ಹತ್ತಿದ್ದೇ ತಡ, ಎಪ್ಪತ್ತೆರಡರ ಗಂಗಮ್ಮ ಸೀರೆ ಎತ್ತಿ ಕಟ್ಟಿ ಒಳಗಿಳಿದು ಕುಳಿತುಬಿಟ್ಟಳು.

"ಅಮ್ಮಾ, ಅದು ದೇರಪ್ಪಣ್ಣಂಗೆ ತೋಡಿದ್ದು."

"ಗೊತ್ತುಟ್ಟು. ನಂದರಲ್ಲಿ ಅವ ಮೂವತ್ತು ವರ್ಷ ಕೂತ. ಅವಂದರಲ್ಲಿ ನಾ ಒಂದು ಗಳಿಗೆ ಕೂರ್ತೆ."

ಅಣ್ಣ ದೇರಪ್ಪ ಅಂಗಳದಲ್ಲಿ, ಜೀವಮಾನದಲ್ಲೇ ಮೊದಲ ಸಲ ಯಾರಿಗೂ ಲೆಕ್ಕ ಹೇಳಿಕೊಡದೆ ಮಲಗಿದ್ದ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು, ಅಕ್ಷರ ದುಂಡಗೆ. ಅವನು ಕೂಡಿದ್ದನ್ನು ಇನ್ನೊಮ್ಮೆ ಕೂಡಿ ನೋಡುವುದು ಗಾಳಿಬೀಡಿನಲ್ಲಿ ಅವಮರ್ಯಾದೆ ಎನಿಸಿತ್ತು.

ಗುಂಡಿ ತೋಡಿದ ಈ ದಿಬ್ಬದಲ್ಲಿ ಅವನನ್ನು ಹೂತರೆ ದಿಬ್ಬ ಇನ್ನು ಕೈಗೆ ಬಾರದು. ಸಮಾಧಿ ಎಬ್ಬಿಸಿ ಜಾಗ ಬಿಡಿಸಿಕೊಂಡವರನ್ನು ಗಂಗಮ್ಮ ಕಂಡಿರಲಿಲ್ಲ.

*

ಹನ್ನೆರಡು ಎಕರೆಯಲ್ಲಿ ಅಪ್ಪ ಅವಳಿಗೆ ಬರೆದಿಟ್ಟದ್ದು ಕಾಲು ಭಾಗ. ಮದುವೆಯಾಗದೆ ಸತ್ತ ತಮ್ಮ ಅವಳಿಗೆ ಬಿಟ್ಟುಹೋದದ್ದು ಆರರಲ್ಲೊಂದು. ಮೂವತ್ತು ವರ್ಷದ ಹಿಂದೆ ದೇರಪ್ಪ ಕೂಡಿದ: ಮೇಲಿನ ಒಂದು, ಒಂದು ಸೇರಿ ಎರಡು, ಕೆಳಗಿನ ನಾಲ್ಕು, ಆರು ಸೇರಿ ಹತ್ತು. ಹತ್ತರಲ್ಲೆರಡು, ಅಂದರೆ ಐದರಲ್ಲೊಂದು.

"ಅಣ್ಣ, ಕಾಲಿಗೆ ಇನ್ನಷ್ಟು ಸೇರಿರೆ ಹೆಚ್ಚಾಗ್ಬೇಕು ಅಲ್ವಾ?"

"ನಾಲ್ಕು ದೊಡ್ಡದಾ, ಐದು ದೊಡ್ಡದಾ?"

"ಐದು."

"ಮತ್ತೆಂತ. ಹಾಕ್ ಸೈನು."

ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ಹಾಕಿದಳು. ಎರಡು ಎಕರೆ ನಲವತ್ತು ಸೆಂಟು ಸಿಕ್ಕಿತು. ಅವಳ ಬೇಲಿಗೆ ತಾಗಿದ ಈ ದಿಬ್ಬ ಬೇಲಿಯಾಚೆ ಉಳಿಯಿತು.

ಹೋದ ವಾರ ಆರನೇ ಕ್ಲಾಸಿನ ಮೊಮ್ಮಗಳು ಮೋಕ್ಷಿತಾ ಅಕ್ಕಿರೊಟ್ಟಿಯನ್ನು ಹನ್ನೆರಡು ತುಂಡು ಮಾಡಿ ತೋರಿಸಿದಳು. ಕಾಲು ಅಂದರೆ ಮೂರು ತುಂಡು, ಆರರಲ್ಲೊಂದು ಅಂದರೆ ಎರಡು. ಗಂಗಮ್ಮ ಐದನ್ನೂ ಎಣಿಸಿದಳು, ತಿನ್ನಲಿಲ್ಲ. ಅಣ್ಣನ ಮುಖಕ್ಕೆ ಹಿಡಿಯಲು ಭಾನುವಾರಕ್ಕೆ ಕಾದಳು. ಅವನು ಶನಿವಾರವೇ ಸತ್ತು ತಪ್ಪಿಸಿಕೊಂಡ.

*

ದೇರಪ್ಪನ ಮಗ ಪ್ರಜ್ಞೇಶ್ ಓಡಿಬಂದ. "ಅತ್ತೆ, ತಿಥಿ ಕಳೀಲಿ, ಮತ್ತೆ ಮಾತಾಡುವ."

"ನಂಗೆ ಅರ್ಜೆಂಟ್ ಇಲ್ಲೆ. ಅವಂಗೂ ಇಲ್ಲೆ."

ಕುಶಾಲನಗರದಿಂದ ಬಂದಿದ್ದ ದೇರಪ್ಪನ ಗೆಳೆಯ, ನಿವೃತ್ತ ಗಣಿತ ಮೇಷ್ಟ್ರು ಶಿವಪ್ರಕಾಶ್, ಗಂಗಮ್ಮ ಹೇಳಿದ ಲೆಕ್ಕವನ್ನು ಹೊಸಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆದರು. ಎರಡು ಸಲ ನೋಡಿದರು. ಕಡ್ಡಿ ಬಿಸಾಡಿದರು.

"ಹನ್ನೆರಡರಲ್ಲಿ ಐದು ಕಣಪ್ಪಾ. ಐದು ಎಕರೆ. ಛೇದ ಒಂದು ಮಾಡ್ದೆ ಹಂಗೇ ಕೂಡವ್ರೆ ನಿಮ್ಮಪ್ಪ. ಹುಡುಗ್ರು ಮಾಡೋ ತಪ್ಪು."

"ತಪ್ಪು ತಾನೆ? ಬೇಕೂಂತ ಮಾಡಿದ್ದಲ್ಲ," ಎಂದ ಪ್ರಜ್ಞೇಶ್.

"ತಪ್ಪು ಅವನ ಕಡೆಗೇ ಯಾಕೆ ಬಿದ್ದದ್ದು?" ಎಂದಳು ಗಂಗಮ್ಮ.

ನೆರೆಮನೆಯ ಹೊನ್ನಮ್ಮ ಬಾಗಿದಳು. "ಸತ್ತವನ ಮೇಲೆ ಎಂತ ಹಗೆ, ಗಂಗಕ್ಕ?"

"ಬದುಕಿರುವಾಗ ನಂಗೆ ಭಿನ್ನರಾಶಿ ಗೊತ್ತಿರ್ಲಿಲ್ಲೆ."

ಚಟ್ಟ ದಿಬ್ಬದ ಬುಡಕ್ಕೆ ಬಂತು. ಹೊತ್ತವರು ಪ್ರಜ್ಞೇಶನ ಮುಖ ನೋಡಿದರು.

"ಆಯ್ತು, ದಿಬ್ಬ ನಿಂಗೇ. ಎಲ್ಲರ ಎದುರು ಹೇಳಿದೆ, ಮೇಷ್ಟ್ರೇ ಸಾಕ್ಷಿ. ಈಗ ಏಳು, ಅತ್ತೆ."

"ನಂದಾದರೆ ಇಲ್ಲಿ ಬೇಡ. ಅವನ ಪಾಲಿಗೇ ತಕೊಂಡು ಹೋಗಿ."

ಉಳಿದ ಏಳು ಎಕರೆಯಲ್ಲಿ ಕಾಫಿ ಗಿಡ ಕೀಳದೆ ತೋಡಬಹುದಾದದ್ದು ಗದ್ದೆಯಂಚಿನ ಜೌಗು ಮಾತ್ರ. ಕಾಯಿ ಕಟ್ಟಿದ ಗಿಡ ಕೀಳುವ ಮಾತನ್ನು ಮಗ ಎತ್ತಲಿಲ್ಲ.

ಚೋಮ ಎರಡನೆಯ ಗುಂಡಿ ಮೂರಡಿ ತೋಡುವಷ್ಟರಲ್ಲಿ ನೀರು ಜಿನುಗಿತು. ಪ್ರಜ್ಞೇಶ್ ಬಕೆಟ್ ಹಿಡಿದು ಮೊಗೆದ, ಮೊಗೆದಷ್ಟೂ ತುಂಬಿತು. ಚಟ್ಟ ಹೊತ್ತವರು ಕೆಸರಲ್ಲಿ ಹೆಗಲು ಬದಲಿಸುತ್ತ ನಿಂತರು. ಮೇಲೆ, ಒಣ ಗುಂಡಿಯ ಅಂಚಿಗೆ ಗಲ್ಲವೂರಿ ಗಂಗಮ್ಮ ನೋಡುತ್ತಿದ್ದಳು.